ಉಪ್ಪುನೀರು ಜಾಸ್ತಿಯಾದ ಐದು ದಿನ

ತಲೆಗೆ ಕರೆಂಟು ಕೊಡೋ ಕೋಣೆಯಲ್ಲಿ ನನ್ನ ಕೆಲಸ ತಲೆ ತೊಳೆಯೋದು.

ಕರೆಂಟು ಅಂದ ತಕ್ಷಣ ಜನ ಹೆದರಿಕೊಳ್ತಾರೆ. ಕೈಕಾಲು ಅದುಮಿ ಹಿಡಿದು ಶಾಕ್ ಕೊಡ್ತಾರಲ್ಲ, ಇದು ಅದಲ್ಲ. ಟಿಫನ್ ಡಬ್ಬಿಯಷ್ಟು ಪೆಟ್ಟಿಗೆ, ಒಳಗೆ ಬ್ಯಾಟರಿ. ಪೆಟ್ಟಿಗೆಯಿಂದ ಎರಡು ವೈರು, ವೈರಿನ ತುದಿಗೆ ರಬ್ಬರ್ ಬಿಲ್ಲೆ, ಬಿಲ್ಲೆಗೆ ಸ್ಪಂಜಿನ ಚೀಲ. ಸ್ಪಂಜಿಗೆ ಉಪ್ಪುನೀರು ಕುಡಿಸಿ, ಒಂದನ್ನು ಹಿಂದಲೆಗೆ, ಒಂದನ್ನು ನಡುನೆತ್ತಿಗೆ ಇಟ್ಟು ಪಟ್ಟಿ ಬಿಗಿಯೋದು. ಇಪ್ಪತ್ತು ನಿಮಿಷ ಕೂತಿರಬೇಕು. ಕೊಯ್ಯೋದಿಲ್ಲ, ಚುಚ್ಚೋದಿಲ್ಲ. ಇರುವೆ ಹರಿದ ಹಾಗೆ ಚುಮುಚುಮು ಅನ್ನುತ್ತೆ, ಅಷ್ಟೆ.

ನಮ್ಮ ಕೋಲಾರದ ಆಸ್ಪತ್ರೆಯಲ್ಲಿ ಇದನ್ನು ಬೆಳಕಿಗೆ ಫಿಟ್ಸ್ ಬರೋರಿಗೆ ಕೊಟ್ಟು ನೋಡ್ತಿದ್ದರು. ಫಿಟ್ಸ್ ಇರೋ ಎಲ್ಲರಿಗೂ ಹಾಗಾಗಲ್ಲ. ಕೆಲವರಿಗೆ ಮಾತ್ರ, ಮಿಣಮಿಣ ಅನ್ನೋ ಬೆಳಕು ಕಂಡರೆ ಬರುತ್ತೆ. ಕೆಟ್ಟ ಟ್ಯೂಬ್‌ಲೈಟು, ಟೀವಿ, ಮದುವೆಮನೆ ಸೀರಿಯಲ್ ಸೆಟ್ಟು. ಹಿಂದಲೆಯ ಒಳಗೆ ನೋಟದ ಜಾಗ ಇದೆಯಂತೆ. ಇವರಿಗೆ ಅದು ಬೇಗ ರೇಗುತ್ತಂತೆ. ಸಣ್ಣ ಕರೆಂಟಿನಿಂದ ಅದನ್ನು ಸುಮ್ಮನೆ ಕೂರಿಸೋಕಾಗುತ್ತಾ ಅಂತ ನೋಡೋದು. ಡಾಕ್ಟರಮ್ಮ ಬಂದವರಿಗೆಲ್ಲ ಮೊದಲೇ ಹೇಳಿಬಿಡ್ತಿದ್ದರು: "ಇದು ಪರೀಕ್ಷೆ. ಆಗಬಹುದು, ಆಗದೇನೂ ಇರಬಹುದು. ಮಾತ್ರೆ ಮಾತ್ರ ಯಾರೂ ನಿಲ್ಲಿಸಬಾರದು."

ನಾನು ಶ್ರೀನಿವಾಸಪುರದಿಂದ ದಿನಾ ಬಸ್ಸಿನಲ್ಲಿ ಬರೋಳು. ಅಕ್ಷರ ಕಲಿತಿದ್ದು ಐವತ್ತು ದಾಟಿದ ಮೇಲೆ. ಕನ್ನಡ ಕೂಡಿಸಿ ಕೂಡಿಸಿ ಓದ್ತೀನಿ, ಇಂಗ್ಲಿಷ್ ಬರಲ್ಲ. ಇದು ಮುಂದೆ ಬೇಕಾಗುತ್ತೆ, ಅದಕ್ಕೆ ಹೇಳಿದೆ. ಮೂವತ್ತು ವರ್ಷ ಟೊಮೇಟೊ ತೋಟದಲ್ಲಿ ನೀರು ಕಟ್ಟಿದ್ದೀನಿ. ಅದೂ ಬೇಕಾಗುತ್ತೆ.

ಮಾಸ್ತಿ ಕಡೆಯ ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ಇಪ್ಪತ್ತೈದರ ಒಳಗೇ ಇರಬೇಕು. ಜೊತೆಗೆ ಅತ್ತೆ. ಗಂಡ ಮಾಲೂರಿನಿಂದ ರೈಲು ಹತ್ತಿ ಕೆಲಸಕ್ಕೆ ಹೋಗೋನು, ಒಂದು ದಿನವೂ ಆಸ್ಪತ್ರೆಗೆ ಬರೋಕಾಗಲಿಲ್ಲ. ಈ ಹುಡುಗಿಗೆ ಬೆಳಗಿನ ಬಸ್ಸೇ ಶತ್ರು. ಮಾಲೂರು ರಸ್ತೆಯಲ್ಲಿ ಉದ್ದಕ್ಕೂ ನೀಲಗಿರಿ ತೋಪು. ಎಳೆ ಬಿಸಿಲು ಆ ಮರಗಳ ಸಂದಿಯಿಂದ ಬಂದರೆ, ಬಸ್ಸು ಓಡ್ತಿರುವಾಗ ಬೆಳಕು ಕತ್ತಲೆ, ಬೆಳಕು ಕತ್ತಲೆ. ಮೊದಲು ಕೈ ಅದುರೋದು, ಆಮೇಲೆ ಪ್ರಜ್ಞೆ ಹೋಗೋದು. ಒಂದು ಕಣ್ಣನ್ನು ಅಂಗೈಯಲ್ಲಿ ಪೂರ್ತಿ ಮುಚ್ಚಿಕೊಂಡರೆ ಎಷ್ಟೋ ಮೇಲು ಅಂತ ಡಾಕ್ಟರಮ್ಮ ಹೇಳಿಕೊಟ್ಟಿದ್ದರು. ಹಾಗೇ ಮುಚ್ಚಿಕೊಂಡು ಬರೋಳು.

"ಬಸ್ಸಲ್ಲಿ ಎಲ್ರೂ ಮದ್ರಾಸ್ ಐ ಅಂದ್ಕೊಂಡು ದೂರ ಕೂತ್ಕೊಳ್ತಾರೆ ಅಜ್ಜಿ. ಸೀಟು ಸಲೀಸಾಗಿ ಸಿಗುತ್ತೆ," ಅಂತ ನಗೋಳು.

ಅವಳಿಗಿದ್ದ ತೊಂದರೆ ನಗೋದಲ್ಲ. ಮದುವೆಯಾಗಿ ನಾಲ್ಕು ವರ್ಷ. ಅವಳು ತಗೊಳ್ಳೋ ಮಾತ್ರೆ ಫಿಟ್ಸನ್ನು ಬಹುಪಾಲು ತಡೆಯುತ್ತೆ, ಆದರೆ ಹೊಟ್ಟೆಯಲ್ಲಿರೋ ಮಗುವಿಗೆ ಆಗಲ್ಲ. ಅದು ತಗೊಳ್ತಿರೋವರೆಗೆ ಬಸಿರಾಗಬೇಡ ಅಂತ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಮಗುವಿಗೆ ಅಷ್ಟು ಕೆಡುಕಿಲ್ಲದ ಇನ್ನೊಂದು ಮಾತ್ರೆ ಒಂದು ಸಲ ಕೊಟ್ಟು ನೋಡಿದಾಗ ಒಲೆ ಮುಂದೆಯೇ ಬಿದ್ದಿದ್ದಳು, ಮೊಣಕೈಯಲ್ಲಿ ಸುಟ್ಟ ಗುರುತಿತ್ತು. ಅದಕ್ಕೆ ಹಳೇ ಮಾತ್ರೆಗೇ ವಾಪಸ್ಸು. ಈ ಕರೆಂಟಿನಿಂದ ಬೆಳಕಿನ ರೇಗು ಕಮ್ಮಿಯಾದರೆ, ಇನ್ನೊಂದು ಸಲ ಮಾತ್ರೆ ಬದಲಾಯಿಸೋ ಧೈರ್ಯ ಮಾಡಬಹುದು ಅನ್ನೋದು ಡಾಕ್ಟರಮ್ಮನ ಲೆಕ್ಕ.

ಅತ್ತೆಯ ಲೆಕ್ಕ ಬೇರೆ. "ಎರಡು ವಾರ ಅಂದ್ರಲ್ಲ, ಎರಡು ವಾರ ಬರ್ತೀವಿ. ಆಗ್ಲಿಲ್ಲ ಅಂದ್ರೆ ಮಾತ್ರೆ ತಿಪ್ಪೆಗೆ. ಆ ದೇವ್ರೇ ನೋಡ್ಕೊಳ್ಳಲಿ."

"ಹಂಗೆಲ್ಲ ನಿಲ್ಲಿಸಿದ್ರೆ ಜೀವಕ್ಕೇ ಬರುತ್ತೆ ಅಮ್ಮ," ಅಂದರು ಡಾಕ್ಟರಮ್ಮ.

"ನಮ್ಮ ವಂಶ ನಿಂತ್ರೂ ಜೀವ ಹೋದಂಗೇ," ಅಂದಳು ಆಕೆ.

ಮೊದಲು ದೀಪದ ಪರೀಕ್ಷೆ. ತಲೆ ತುಂಬ ವೈರು ಅಂಟಿಸಿ ಇ.ಇ.ಜಿ. ಗೆರೆ ತೆಗೀತಾ, ಕಣ್ಣಿನ ಮುಂದೆ ಒಂದು ದೀಪ ಮಿಣುಕಿಸ್ತಾರೆ. ಮೊದಲು ನಿಧಾನ, ಆಮೇಲೆ ಒಂದೊಂದು ಮೆಟ್ಟಲು ಜೋರು. ಗೆರೆ ಎಗರಿದ ಕೂಡಲೆ ದೀಪ ಆರಿಸಿಬಿಡ್ತಾರೆ, ಫಿಟ್ಸ್ ಬರೋವರೆಗೆ ಬಿಡಲ್ಲ. ನಾನು ಅವಳ ಕೈ ಹಿಡಿದುಕೊಂಡು ನಿಂತಿದ್ದೆ. ನಾಲ್ಕನೇ ಮೆಟ್ಟಲಿಗೆ ಗೆರೆ ಮುಳ್ಳುಬೇಲಿ ಆಯ್ತು, ಗದ್ದ ಅದುರಿತು. ಡಾಕ್ಟರಮ್ಮ ಟಕ್ ಅಂತ ಆರಿಸಿದರು.

ಅದೇ ದಿನ ಪೆಟ್ಟಿಗೆ ಹೆದರಿಕೆ ಹೋಗಲಿ ಅಂತ ಒಂದು ನಿಮಿಷ ಕರೆಂಟು ಕೊಟ್ಟು ತೋರಿಸಿದರು. "ಇರುವೆ ಬಿಟ್ಟಂಗಿದೆ," ಅಂದಳು. ಸೋಮವಾರದಿಂದ ಶುರು, ಹತ್ತು ದಿನದ ಕೆಲಸ. ನಡುವೆ ಒಂದು ಸಲ, ಕೊನೆಗೆ ಒಂದು ಸಲ ದೀಪದ ಪರೀಕ್ಷೆ.

ಸೋಮವಾರ ಅವಳ ತಲೆಗೆ ಕೈ ಹಾಕಿದೆ. ಬೆರಳು ಜಾರಿತು. ಹರಳೆಣ್ಣೆ. ಸುಮ್ಮನೆ ಸವರಿದ್ದಲ್ಲ, ಬುಡಕ್ಕೆ ಕುಡಿಸಿದ್ದಾರೆ. ಜಡೆಯಿಂದ ತೊಟ್ಟಿಕ್ತಿದೆ.

"ಯಾರೇ ಹಿಂಗೆ ಹಚ್ಚಿದ್ದು?"

"ಅತ್ತೆ. ತಲೆಗೆ ಕರೆಂಟು ಅಂದ್ರೆ ಕಾವು, ತಂಪು ಮಾಡ್ಬೇಕು ಅಂತ ಕೋಳಿ ಕೂಗೋ ಹೊತ್ತಿಗೇ ಎಬ್ಬಿಸಿ ಹಚ್ಚಿದ್ರು."

ಹರಳೆಣ್ಣೆ ಶ್ಯಾಂಪೂಗೆಲ್ಲ ಬಗ್ಗಲ್ಲ. ಆಸ್ಪತ್ರೆಯಲ್ಲಿ ಕೊಡೋದು ಮಕ್ಕಳ ಶ್ಯಾಂಪೂ ಒಂದು ಹನಿ, ನೀರು ಎರಡು ಮಗ್ಗು. ಎರಡು ಸಲ ತೊಳೆದೆ, ಮೂರು ಸಲ ಒರೆಸಿದೆ. ಕೂದಲು ಬಾತುಕೋಳಿ ರೆಕ್ಕೆ ಹಾಗೆ ನೀರನ್ನು ಕೊಡವಿ ಹಾಕ್ತಿತ್ತು.

ಪೆಟ್ಟಿಗೆ ನೋಡಿಕೊಳ್ಳೋ ಟೆಕ್ನಿಷಿಯನ್ ಹುಡುಗಿ ಮುಳಬಾಗಿಲು ಕಡೆಯವಳು. ಅರ್ಧ ಕನ್ನಡ, ಅರ್ಧ ತೆಲುಗು. ಚುರುಕು. ಟೇಪು ಹಿಡಿದು ಮೂಗಿನ ಬುಡದಿಂದ ಹಿಂದಲೆಯ ಗುಬುಟಿನವರೆಗೆ ಅಳೆದು, ಪೆನ್ಸಿಲಿನಲ್ಲಿ ಗುರುತು ಹಾಕಿ, ಸ್ಪಂಜು ಕಟ್ಟಿದಳು. ಗುಂಡಿ ಒತ್ತಿದರೆ ಕೆಂಪು ದೀಪ, ಪೀಂ ಪೀಂ ಅಂತ ಕೂಗು. ಎಣ್ಣೆ ದಾಟಿ ಕರೆಂಟು ಒಳಗೆ ಹೋಗ್ತಿಲ್ಲ ಅಂತ ಅದರ ಅರ್ಥ.

"ಅವ್ವಾ, ರೆಡ್ಡು. ಇನ್ನೊಂಚೂರು ನೀರು ಹಾಕಿ."

ಸ್ಪಂಜಿಗೆ ಒಂದು ಸಿರಿಂಜು ಉಪ್ಪುನೀರು ಅಂತ ಅವಳೇ ಹೇಳಿಕೊಟ್ಟಿದ್ದಳು. ನಾನು ಎರಡನೇ ಸಿರಿಂಜು ಹಾಕಿದೆ. ಕೆಂಪು. ಮೂರನೇದು ಹಾಕಿದೆ. ಹಸಿರು. ಕೂಗು ನಿಂತಿತು.

"ಸೂಪರ್ ಅವ್ವಾ! ಕರೆಂಟಿನ ನಂಬರ್ರೂ ಚೆನ್ನಾಗಿ ಬಂದಿದೆ."

ಹೊರಗೆ ಇನ್ನೂ ಮೂರು ಜನ ಕಾಯ್ತಿದ್ದರು. ನಾವು ಖುಷಿಯಾದೆವು. ನೀರು ಅವಳ ಕತ್ತಿನಿಂದ ಇಳಿದು ರವಿಕೆ ನೆನೀತು. ಟವಲು ಸಿಕ್ಕಿಸಿದೆ.

ಹೀಗೆ ಐದು ದಿನ. ದಿನಾ ಎಣ್ಣೆ, ದಿನಾ ಕೆಂಪು, ದಿನಾ ಮೂರು ಸಿರಿಂಜು, ದಿನಾ ಹಸಿರು. ಎಣ್ಣೆ ಬೇಡ ಅಂತ ಅತ್ತೆಗೆ ಹೇಳಿದೆ. "ನಿಮ್ಮ ಕೆಲಸ ನೀವು ಮಾಡಿ, ನನ್ನ ಕೆಲಸ ನಾನು ಮಾಡ್ತೀನಿ," ಅಂದಳು. ನಾನೂ ಹಟಕ್ಕೆ ಬೀಳಲಿಲ್ಲ. ಹಸಿರು ಬರ್ತಿತ್ತಲ್ಲ.

ಶನಿವಾರ ದೀಪದ ಪರೀಕ್ಷೆ. ನಾಲ್ಕನೇ ಮೆಟ್ಟಲಿಗೇ ಗೆರೆ ಮುಳ್ಳುಬೇಲಿ. ಗದ್ದ ಅದುರಿತು. ಏನೇನೂ ಬದಲಾಗಿರಲಿಲ್ಲ.

"ಇನ್ನೊಂದು ವಾರ ಇದೆಯಲ್ಲ," ಅಂದರು ಡಾಕ್ಟರಮ್ಮ. ದನಿಯಲ್ಲಿ ಕಸುವಿರಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

ಅಂಟು ಬಿಡಿಸ್ತಾ ಇದ್ದಾಗ ಹುಡುಗಿ ಕೇಳಿದಳು: "ಅಜ್ಜಿ, ಆ ಮೊದಲನೇ ದಿನ ಒಂದು ನಿಮಿಷ ಕೊಟ್ರಲ್ಲ, ಆಗ ಇರುವೆ ಹರಿದಂಗಾಯ್ತು. ಆಮೇಲೆ ಒಂದು ದಿನವೂ ಆಗ್ಲೇ ಇಲ್ಲ. ನೀರು ಬೆನ್ನಿಗೆ ಇಳಿಯೋದೇ ಗೊತ್ತಾಗ್ತಿತ್ತು. ಅಭ್ಯಾಸ ಆಗೋಯ್ತು ಅಂದ್ಕೊಂಡೆ. ಅಷ್ಟು ಬೇಗ ಅಭ್ಯಾಸ ಆಗುತ್ತಾ?"

"ಆಗುತ್ತೇನೋ ಕಣೇ," ಅಂದೆ. ಆದರೆ ಬೇರೆಯವರು ಹತ್ತನೇ ದಿನವೂ ಚುಮುಚುಮು ಅಂತಿದ್ದರು.

ಬಸ್ಸಿನಲ್ಲಿ ಅದೇ ತಲೆಯಲ್ಲಿ ಕೊರೀತಿತ್ತು. ತೋಟಕ್ಕೆ ನೀರು ಕಟ್ಟೋರಿಗೆ ಒಂದು ಗೊತ್ತಿರುತ್ತೆ. ಪಂಪು ಜೋರಾಗಿ ಓಡ್ತಾ ಇರುತ್ತೆ, ಕಾಲುವೆ ತುಂಬಿ ಹರೀತಾ ಇರುತ್ತೆ, ಆದರೂ ತುದಿ ಸಾಲಿನ ಗಿಡ ಬಾಡುತ್ತೆ. ಯಾಕೆ ಅಂತ ಹೋಗಿ ನೋಡಿದರೆ ನಡುವೆ ಎಲ್ಲೋ ಬದು ಒಡೆದು ನೀರೆಲ್ಲ ಹಳ್ಳ ಸೇರ್ತಿರುತ್ತೆ. ನೀರಿಗೆ ಗಿಡ ಗೊತ್ತಿಲ್ಲ. ಇಳಿಜಾರು ಗೊತ್ತು. ಪಂಪಿನ ಹತ್ತಿರ ನಿಂತವನಿಗೆ ಎಲ್ಲ ಸರಿ ಇದ್ದ ಹಾಗೇ ಕಾಣುತ್ತೆ.

ಎರಡು ಸ್ಪಂಜಿನ ನಡುವೆ ಇರೋದು ನಾಲ್ಕು ಬೆರಳು ಜಾಗ. ಅದೆಲ್ಲ ಉಪ್ಪುನೀರಿನಲ್ಲಿ ತೊಯ್ದಿದ್ದರೆ, ಕರೆಂಟು ತಲೆಬುರುಡೆ ದಾಟಿ ಒಳಗೆ ಯಾಕೆ ಹೋಗುತ್ತೆ? ಒದ್ದೆ ಕೂದಲ ಮೇಲೆ ಇಲ್ಲಿಂದ ಅಲ್ಲಿಗೆ ಓಡಿಬಿಡುತ್ತೆ.

ಸೋಮವಾರ ಎಲ್ಲರಿಗಿಂತ ಮುಂಚೆ ಹೋದೆ. ಟೆಕ್ನಿಷಿಯನ್ ಹುಡುಗಿ ಬಂದು ಬ್ಯಾಗು ಇಡೋಕೂ ಬಿಡಲಿಲ್ಲ.

"ಸ್ಪಂಜು ಎರಡೂ ಈ ಮೇಜಿನ ಪ್ಲಾಸ್ಟಿಕ್ ಶೀಟ್ ಮೇಲೆ ಇಡು. ನಾಲ್ಕು ಬೆರಳು ದೂರ."

"ತಲಕಾಯಿ ಎಲ್ಲಿ ಅವ್ವಾ?"

"ತಲಕಾಯಿ ಬೇಡ. ಇಡು."

ಇಟ್ಟು ಗುಂಡಿ ಒತ್ತಿದಳು. ಕೆಂಪು, ಪೀಂ ಪೀಂ. ನಾನು ಸಿರಿಂಜಿನಲ್ಲಿ ಉಪ್ಪುನೀರು ತಗೊಂಡು ಒಂದು ಸ್ಪಂಜಿನಿಂದ ಇನ್ನೊಂದಕ್ಕೆ ಗೆರೆ ಎಳೆದ ಹಾಗೆ ಬಿಟ್ಟೆ. ಕೂಗು ನಿಂತಿತು. ಹಸಿರು. ನಂಬರೂ ಚೆನ್ನಾಗೇ ಬಂತು.

ತಲೆಯೇ ಇಲ್ಲ. ಮಿಷನ್ನಿಗೆ ಮಾತ್ರ ಸಂತೋಷ.

ಟೆಕ್ನಿಷಿಯನ್ ಹುಡುಗಿ "ಅಯ್ಯೋ ದೇವುಡಾ," ಅಂತ ಕುರ್ಚಿ ಮೇಲೆ ಕೂತಳು. ಗೋಡೆಗೆ ಇಂಗ್ಲಿಷಿನ ಒಂದು ಹಾಳೆ ಅಂಟಿಸಿದ್ದರು. ನಾನು ದಿನಾ ಅದರ ಧೂಳು ಒರೆಸ್ತಿದ್ದೆ. "ಅದರಲ್ಲಿ ಏನಿದೆ ಓದು," ಅಂದೆ. ಐದನೆಯ ಸಾಲು ಓದಿ ಹೇಳಿದಳು: ಸ್ಪಂಜು ಒದ್ದೆ ಇರಬೇಕು, ಸೋರಬಾರದು; ಎರಡರ ನಡುವಿನ ಕೂದಲು ಒಣಗಿರಬೇಕು. ಅವಳು ಓದಿದ್ದು ಕೆಲಸಕ್ಕೆ ಸೇರಿದ ದಿನ. ನಾನು ಓದೇ ಇರಲಿಲ್ಲ.

"ಅವ್ವಾ, ಈಗೇನು ಮಾಡೋದು?"

"ಡಾಕ್ಟರಮ್ಮಂಗೆ ಹೇಳೋದು."

"ಊರುಕೋ ಅವ್ವಾ, ಸುಮ್ನಿರಿ. ಇವತ್ತಿಂದ ಸರಿಯಾಗಿ ಮಾಡೋಣ. ಐದು ದಿನ ಬಾಕಿ ಇದೆ. ಹೇಳಿದ್ರೆ ನನ್ನ ಕೆಲಸ ಹೋಗುತ್ತೆ, ನಿಮ್ದೂ ಹೋಗುತ್ತೆ. ಅದು ಹೋಗ್ಲಿ, ಎರಡು ದಿನಕ್ಕಿಂತ ಜಾಸ್ತಿ ತಪ್ಪಿದ್ರೆ ಪೇಷೆಂಟನ್ನೇ ಪರೀಕ್ಷೆಯಿಂದ ತೆಗೀಬೇಕು ಅಂತ ರೂಲ್ಸ್ ಇದೆ. ಆ ಮಾಸ್ತಿ ಅಕ್ಕನ ಗತಿ? ಅವರತ್ತೆ ಮಾತ್ರೆ ಎಸೀತಾರೆ. ಅದು ನಿಮ್ಗೆ ಪರವಾಗಿಲ್ವಾ?"

ಅವಳು ಹೇಳಿದ್ದು ಸುಳ್ಳಲ್ಲ. ಬಕೆಟ್ಟು ತುಂಬಿಸಿಕೊಂಡು ಬಂದೆ, ನೆಲ ಒರೆಸಿದೆ. ಒರೆಸ್ತಾ ಒರೆಸ್ತಾ ಯೋಚನೆ ಮಾಡಿದೆ. ಸುಮ್ಮನಿದ್ದರೆ ಏನಾಗುತ್ತೆ? ಐದು ದಿನದಲ್ಲಿ ಅರ್ಧ ಕೆಲಸ ಆಗುತ್ತೆ. ಪರೀಕ್ಷೆಯ ಲೆಕ್ಕ ಬರೆಯೋ ಪುಸ್ತಕದಲ್ಲಿ ಮಾತ್ರ ಹತ್ತು ದಿನ ಅಂತಿರುತ್ತೆ. ಕೊನೆಗೆ ಗೆರೆ ಸರಿಹೋಗಲಿಲ್ಲ ಅಂದರೆ, ಈ ಹುಡುಗಿಗೆ ಕರೆಂಟು ಹಿಡಿಯಲ್ಲ ಅಂತ ಬರೆದುಬಿಡ್ತಾರೆ. ಅವಳು ತಿರುಗಿ ಬರೋ ಹಾಗೇ ಇಲ್ಲ. ಮುಂದೆ ಬರೋ ಡಾಕ್ಟರುಗಳೂ ಆ ಪುಸ್ತಕವನ್ನೇ ನಂಬ್ತಾರೆ. ಬದು ಒಡೆದಿದ್ದು ನಾನು, ಬಾಡಿದ್ದಕ್ಕೆ ಗಿಡವನ್ನು ಬೈಯೋದು.

"ಕೆಲಸ ಹೋದ್ರೆ ನಾನು ಮಾವಿನ ತೋಪಿಗೆ ಕಾಯಿ ಆರಿಸೋಕೆ ಹೋಗ್ತೀನಿ," ಅಂದೆ. "ನಿನ್ನ ಹೆಸರು ಹೇಳಲ್ಲ. ನೀರು ಹಾಕಿದ್ದು ನಾನು."

ಅವಳು ಕಣ್ಣೊರೆಸಿಕೊಂಡು ಎದ್ದಳು. "ಹಸಿರು ಅಂದಿದ್ದು ನಾನಲ್ವಾ," ಅಂತ ನನಗಿಂತ ಮುಂದೆ ನಡೆದಳು.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಸಲೀಸಾಗ್ತಿತ್ತು. ಮೇಜಿನ ಮೇಲೆ ಇನ್ನೊಂದು ಸಲ ಮಾಡಿ ತೋರಿಸಿ ಅಂದರು. ತೋರಿಸಿದೆವು. ಕೆಂಪು, ಒಂದು ಗೆರೆ ನೀರು, ಹಸಿರು. ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ ಪ್ರಶ್ನೆ. ಯಾವ ದಿನ ಎಷ್ಟು ಸಿರಿಂಜು? ಕತ್ತಿನಿಂದ ನೀರು ಇಳಿದಿದ್ದು ಎಷ್ಟು ದಿನ? ಬೇರೆಯವರಿಗೂ ಹೀಗಾಗಿದೆಯಾ? ಬೇರೆಯವರು ಯಾರೂ ಇಷ್ಟು ಎಣ್ಣೆ ಹಚ್ಚಿಕೊಂಡು ಬರ್ತಿರಲಿಲ್ಲ, ಒಂದು ಸಿರಿಂಜೇ ಸಾಕಾಗ್ತಿತ್ತು, ಎಲ್ಲರಿಗೂ ಚುಮುಚುಮು ಅಂದಿದೆ ಅಂತ ಹೇಳಿದೆ. ಅವರನ್ನೆಲ್ಲ ಫೋನಿನಲ್ಲಿ ಕೇಳಿ ನೋಡಿದರು. ನಿಜವೇ.

ಆಮೇಲೆ ದಪ್ಪ ಪುಸ್ತಕ ತೆಗೆದು, ಆ ಐದು ದಿನದ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಬರೆದರು.

"ಏನು ಬರೆದ್ರಿ?"

"ಉಪ್ಪುನೀರು ಜಾಸ್ತಿಯಾಗಿ ಕರೆಂಟು ಒಳಗೆ ಹೋಗಿಲ್ಲ, ಈ ಐದು ದಿನ ಲೆಕ್ಕಕ್ಕಿಲ್ಲ. ತಪ್ಪನ್ನು ಆಯಾ ತಾವೇ ಕಂಡುಹಿಡಿದು ಹೇಳಿದ್ದಾರೆ. ಅಷ್ಟೆ. ನಿಮ್ಮ ಸೈನ್ ಬೇಕು ಅಜ್ಜಿ. ಹೆಬ್ಬೆಟ್ಟಾದ್ರೂ ಆಗುತ್ತೆ."

"ಹೆಬ್ಬೆಟ್ಟು ಯಾಕೆ," ಅಂತ ಪೆನ್ನು ತಗೊಂಡೆ. ಗೆರೆ ದಾಟಿ ದೊಡ್ಡದಾಗಿ ಬಂತು.

ಮಾಸ್ತಿ ಹುಡುಗಿಯನ್ನು ಪರೀಕ್ಷೆಯಲ್ಲಿ ಇಟ್ಟುಕೊಳ್ಳಬಹುದಾ ಅಂತ ಮೇಲಿನ ಸಮಿತಿಗೆ ಬರೆದು ಕೇಳಬೇಕಾಗಿತ್ತು. ಅಲ್ಲಿವರೆಗೆ ನಿಲ್ಲಿಸಬೇಕು. ಆವತ್ತು ಅತ್ತೆ ಸೊಸೆ ಬಂದಾಗ ಡಾಕ್ಟರಮ್ಮನೇ ಕೂರಿಸಿ ಹೇಳಿದರು. ಅತ್ತೆ ಎದ್ದು ನಿಂತಳು.

"ಐದು ದಿನ ಕೆಲಸ ಬಿಟ್ಟು ಎರಡೆರಡು ಬಸ್ಸು ಹತ್ತಿ ಬಂದಿದೀವಿ. ನಮ್ಮ ಹುಡುಗಿ ತಲೆ ಮೇಲೆ ನೀರಾಟ ಆಡಿದ್ರಾ? ಸಾಕು. ನಡಿಯೇ."

ಸೊಸೆ ನನ್ನ ಕಡೆ ನೋಡಿದಳು. ಬೈಯೋ ನೋಟ ಅಲ್ಲ. ಅಷ್ಟೇ, ನೋಡಿದಳು, ಹೋದಳು.

ಒಂದು ವಾರಕ್ಕೆ ಸಮಿತಿಯ ಉತ್ತರ ಬಂತು. ಒಂದು ತಿಂಗಳು ಬಿಟ್ಟು ಮೊದಲಿನಿಂದ ಶುರು ಮಾಡಬಹುದು, ಆದರೆ ಇದೊಂದೇ ಸಲ. ಮತ್ತೆ ಎಣ್ಣೆಯಿಂದಲೋ ನೀರಿನಿಂದಲೋ ಕೆಟ್ಟರೆ ಅವಳು ಹೊರಗೆ. ಡಾಕ್ಟರಮ್ಮ ಫೋನ್ ಮಾಡಿದರು, ಎತ್ತಲಿಲ್ಲ. ಮೂರು ದಿನ ಎತ್ತಲಿಲ್ಲ. "ಭಾನುವಾರ ನಾನು ಹೋಗಿ ಬರ್ತೀನಿ," ಅಂದೆ. "ಜಗಳ ಆಡಬೇಡಿ ಅಜ್ಜಿ," ಅಂದರು. ಜಗಳ ಆಡದೆ ಹೇಗೆ ಮಾತಾಡೋದು ಅಂತ ನನಗೆ ಗೊತ್ತಿಲ್ಲ, ಆದರೂ ಹೂಂ ಅಂದೆ.

ಮಾಲೂರಿನಲ್ಲಿ ಬಸ್ಸು ಬದಲಾಯಿಸಿ ಮಾಸ್ತಿ, ಅಲ್ಲಿಂದ ನಡಿಗೆ. ಅತ್ತೆ ಕೊಟ್ಟಿಗೆ ಮುಂದೆ ಹಿಂಡಿ ಕಲಸ್ತಿದ್ದಳು. ನನ್ನ ಕಂಡು ಕೈ ನಿಲ್ಲಿಸಲಿಲ್ಲ.

"ಇಲ್ಲೂ ನೀರು ಹಾಕೋಕೆ ಬಂದ್ಯೇನಮ್ಮ?"

"ಕುಡಿಯೋಕೆ ನೀರು ಕೇಳೋಣ ಅಂತ ಬಂದೆ. ಎರಡು ಮೈಲಿ ನಡೆದಿದೀನಿ."

ಸೊಸೆ ಚೊಂಬು ತಂದಳು. ಕೈ ಸಣ್ಣಗೆ ಅದುರ್ತಿತ್ತು, ನೀರು ತುಳುಕಿತು. ನಾನು ಕುಡಿಯಲಿಲ್ಲ. "ಇವತ್ತು ಮಾತ್ರೆ ತಗೊಂಡ್ಯೇನೇ?" ಅಂದೆ. ಅವಳು ಅತ್ತೆ ಮುಖ ನೋಡಿದಳು.

"ಬೆಳಿಗ್ಗೆದು ಒಂದೇ ಬಿಟ್ಟಿರೋದು," ಅಂದಳು ಅತ್ತೆ. "ನಾನೇ ಎತ್ತಿಟ್ಟೆ."

"ಎಲ್ಲಿ?"

"ರಾಗಿ ಡಬ್ಬದಲ್ಲಿ."

"ಮೊದ್ಲು ಅದನ್ನ ತನ್ನಿ. ಆಮೇಲೆ ನನ್ನ ಬೈಯ್ರಿ, ಬಸ್ಸು ಇರೋದು ನಾಲ್ಕಕ್ಕೆ, ಬೇಕಾದಷ್ಟು ಹೊತ್ತಿದೆ."

ಆಕೆ ಎದ್ದು ಹೋಗಲಿಲ್ಲ. ಸೊಸೆಯ ಕೈಯಲ್ಲಿದ್ದ ಚೊಂಬು ಇನ್ನೊಂದು ಸಲ ತುಳುಕಿತು. ಆಗ ಎದ್ದಳು. ನನ್ನ ಮುಂದೆಯೇ ಮಾತ್ರೆ ನುಂಗಿಸಿದಳು. ಆಮೇಲೆ ಬೈದಳು. ನಾನು ಕೂತು ಕೇಳಿದೆ. ಬೈಗುಳದ ನಡುವೆ ಒಂದು ಮಾತು ಬಂತು: "ನಿಮ್ಗೇನು, ಇಪ್ಪತ್ತು ನಿಮಿಷ ಕಟ್ಟಿ ಕಳಿಸ್ತೀರ. ಅವಳ ನೆತ್ತಿ ಕೆಂಡದಂಗೆ ಸುಡುತ್ತೆ ಅಂತ ದಿನಾ ಮುಟ್ಟಿ ನೋಡೋಳು ನಾನು. ಒಲೆ ಮುಂದೆ ಬಿದ್ದಾಗ ಎಳೆದಿದ್ದೂ ನಾನೇ." ಆಕೆಯ ಬಲಗೈ ಮೇಲೂ ಸುಟ್ಟ ಗುರುತಿತ್ತು. ನಾನು ಅಲ್ಲಿವರೆಗೆ ನೋಡಿರಲಿಲ್ಲ.

"ಅಕ್ಕಾ, ನಿಮ್ಮ ಎಣ್ಣೇನೇ ನನ್ನ ಕೈಲಿ ನೀರು ಹಾಕಿಸಿದ್ದು. ತಪ್ಪು ಅರ್ಧ ನಿಮ್ದು, ಅರ್ಧ ನಂದು. ನನ್ನ ಅರ್ಧಕ್ಕೆ ನಾನು ಪುಸ್ತಕದಲ್ಲಿ ಸೈನ್ ಹಾಕಿ ಬಂದಿದೀನಿ. ನಿಮ್ಮ ಅರ್ಧ ಏನು ಮಾಡ್ತೀರ ಹೇಳಿ."

"ಎಣ್ಣೆ ಇಲ್ದೆ ಕಳಿಸಲ್ಲ. ತಲೆ ಕಾಯ್ದು ಇನ್ನೇನಾದ್ರೂ ಆದ್ರೆ?"

"ಕಾವು ಅಂಗಾಲಲ್ಲಿ ಇಳಿಯುತ್ತೆ ಅಂತ ನಿಮ್ಮತ್ತೆ ನಿಮ್ಗೆ ಹೇಳಿಕೊಡ್ಲಿಲ್ವಾ?"

"ಹೇಳಿಕೊಟ್ಟಿದ್ರು. ಕಣ್ಣು ಉರಿದ್ರೆ ಅಂಗಾಲಿಗೇ ಹಚ್ಚೋದು."

"ಮತ್ತೆ? ಎಷ್ಟು ಬೇಕಾದ್ರೂ ಅಲ್ಲಿ ಹಚ್ಚಿ."

ಅಂಗಾಲಿಗೆ ಹಚ್ಚಿದರೆ ತಲೆ ತಂಪಾಗುತ್ತಾ, ನನಗೆ ಗೊತ್ತಿಲ್ಲ. ಅಂಗಾಲಿಗೆ ಸ್ಪಂಜು ಕಟ್ಟಲ್ಲ, ಅದು ಗೊತ್ತಿತ್ತು.

ಸೊಸೆ ಮೆಲ್ಲಗೆ ಕೇಳಿದಳು: "ಅಜ್ಜಿ, ಈ ಸಲ ಆಗುತ್ತಾ?"

"ಗೊತ್ತಿಲ್ಲ ಕಣೇ. ಕರೆಂಟು ಒಳಗೆ ಹೋಗೋ ಹಂಗೆ ಮಾಡ್ತೀನಿ. ಅದರಾಚೆಗಿನದು ನನ್ನ ಕೈಲಿಲ್ಲ."

ತಿಂಗಳು ಕಳೆದು ಬಂದರು. ನಾನು ಮನೆಯಿಂದ ಸೀಗೆಪುಡಿ ತಂದಿಟ್ಟಿದ್ದೆ. ಡಾಕ್ಟರಮ್ಮನ ಒಪ್ಪಿಗೆ ತಗೊಂಡು ಮೊದಲನೇ ದಿನ ಹಳೇ ಎಣ್ಣೆ ಜಿಡ್ಡು ಪೂರ್ತಿ ಹೋಗೋವರೆಗೆ ಉಜ್ಜಿದೆ, ಸೀಗೆಯೂ ಉಳಿಯದ ಹಾಗೆ ತೊಳೆದೆ. ಒಣಗಿಸಿ, ಬಾಚಣಿಗೆಯಲ್ಲಿ ಬೈತಲೆ ತೆಗೆದು, ಚರ್ಮ ಕಾಣೋ ಹಾಗೆ ಕೂದಲು ಬಿಡಿಸಿದೆ. ಸ್ಪಂಜಿಗೆ ಒಂದೇ ಸಿರಿಂಜು. ಎರಡು ಸ್ಪಂಜಿನ ನಡುವೆ ಒಣಗಿದ ಬಿಳೀ ಬಟ್ಟೆಯ ಚೂರು ಇಟ್ಟು ಒತ್ತಿ ತೆಗೆದು ನೋಡೋದು. ಬಟ್ಟೆ ನೆಂದರೆ ಎಲ್ಲ ಬಿಚ್ಚಿ ಮತ್ತೆ ಮೊದಲಿಂದ. ಇದು ನಾನೇ ಮಾಡಿಕೊಂಡ ಪದ್ಧತಿ. ಟೆಕ್ನಿಷಿಯನ್ ಹುಡುಗಿ ಹಸಿರು ದೀಪ ನೋಡಿದ ಮೇಲೂ "ಬಟ್ಟೆ ತೋರಿಸಿ ಅವ್ವಾ" ಅಂತ ಕೇಳಿಯೇ ಕರೆಂಟು ಬಿಡೋಳು.

"ಹರೀತಾ ಇದೆ ಅಜ್ಜಿ, ಇರುವೆ," ಅಂದಳು ಮಾಸ್ತಿ ಹುಡುಗಿ.

"ಹರೀಲಿ ಬಿಡು."

ನಾಲ್ಕನೇ ದಿನ ಬಿಸಿಲು ಜೋರು, ಬಸ್ಸಿನಲ್ಲಿ ಜನ ಕಿಕ್ಕಿರಿದಿದ್ದರಂತೆ. ತಲೆ ಬೆವರಿನಲ್ಲಿ ತೊಯ್ದಿತ್ತು. ಬಟ್ಟೆ ಎರಡು ಸಲ ನೆಂದಿತು. ಬೆವರೂ ಉಪ್ಪುನೀರೇ ತಾನೆ. ಫ್ಯಾನಿನ ಕೆಳಗೆ ಕೂರಿಸಿ ಅರ್ಧ ಗಂಟೆ ಒಣಗಿಸಿದೆ. ಹೊರಗೆ ಕಾಯೋರು ಗೊಣಗಿದರು, ಗೊಣಗಲಿ ಅಂತ ಬಿಟ್ಟೆ. ಇನ್ನೊಂದು ತೊಂದರೆ ಯಾರೂ ಎಣಿಸಿರಲಿಲ್ಲ. ಅಂಗಾಲಿನ ಹರಳೆಣ್ಣೆ. ಚಪ್ಪಲಿ ಹೊರಗೆ ಬಿಟ್ಟು ನಡೆದರೆ ಬಾಗಿಲಿನಿಂದ ಕುರ್ಚಿವರೆಗೆ ಹೆಜ್ಜೆ ಮೂಡೋದು. ಲಕ್ಷ್ಮಿ ಬಂದ ಹಾಗೆ ಅಂತ ಡಾಕ್ಟರಮ್ಮ ನಕ್ಕರು. ಒರೆಸೋಳು ನಾನು, ನನಗೆ ಲಕ್ಷ್ಮಿ ಕಾಣಲಿಲ್ಲ. ಜಾರಿ ಬಿದ್ದರೆ ಸೊಂಟ ಹೋಗುತ್ತೆ ಅನ್ನೋದು ಕಾಣ್ತಿತ್ತು.

ಹತ್ತು ದಿನ ಮುಗೀತು. ನಡುವಿನ ಪರೀಕ್ಷೆಯಲ್ಲಿ ಏನಾಯ್ತು ಅಂತ ಡಾಕ್ಟರಮ್ಮ ಹೇಳಲಿಲ್ಲ, ನಾವೂ ಕೇಳಲಿಲ್ಲ. ಕೊನೆಯ ದೀಪದ ದಿನ ಅತ್ತೆಯನ್ನೂ ಒಳಗೆ ಕರೆದರು. ಆಕೆ ಗೋಡೆಗೆ ಒರಗಿ ನಿಂತಳು. ನಾನು ಹುಡುಗಿಯ ಕೈ ಹಿಡಿದೆ.

ಒಂದನೇ ಮೆಟ್ಟಲು. ಎರಡು. ಮೂರು. ಡಾಕ್ಟರಮ್ಮನ ಬೆರಳು ಗುಂಡಿಯ ಮೇಲೇ ಇತ್ತು. ನಾಲ್ಕು. ನಾನು ಗೆರೆ ನೋಡಲಿಲ್ಲ, ಗದ್ದ ನೋಡಿದೆ. ಗದ್ದ ಸುಮ್ಮನಿತ್ತು. ಐದು. ಆರು. ಏಳಕ್ಕೆ ಗೆರೆ ಸ್ವಲ್ಪ ಎದ್ದಿತು, ಡಾಕ್ಟರಮ್ಮ ದೀಪ ಆರಿಸಿದರು. ಮೈ ಅದುರಲಿಲ್ಲ.

"ವಾಸಿ ಆಯ್ತಾ?" ಅಂದಳು ಅತ್ತೆ.

"ವಾಸಿ ಅಲ್ಲ ಅಮ್ಮ. ರೇಗು ಕಮ್ಮಿಯಾಗಿದೆ. ಇದು ಎಷ್ಟು ದಿನ ಹಿಂಗೇ ಇರುತ್ತೆ ಗೊತ್ತಿಲ್ಲ, ಇವಳೊಬ್ಬಳಿಂದ ಎಲ್ಲರಿಗೂ ಹಿಂಗೇ ಅಂತಾನೂ ಹೇಳೋಕಾಗಲ್ಲ. ಆದ್ರೆ ಮಾತ್ರೆ ಬದಲಾಯಿಸಿ ನೋಡೋಣ. ನಿಧಾನವಾಗಿ. ಒಂದನ್ನ ಏರಿಸ್ತಾ ಇನ್ನೊಂದನ್ನ ಇಳಿಸ್ತಾ. ತಿಪ್ಪೆಗೆ ಎಸೆಯೋ ಹಂಗಿಲ್ಲ."

ಅತ್ತೆ ತಲೆಯಾಡಿಸಿದಳು. ಆಮೇಲೆ ಬಗ್ಗಿ, ನಾನು ತಡೆಯೋದರೊಳಗೆ, ತನ್ನ ಸೆರಗಿನ ತುದಿಯಿಂದ ನೆಲದ ಮೇಲಿದ್ದ ಎಣ್ಣೆ ಹೆಜ್ಜೆ ಒರೆಸಿದಳು. ಒಂದು ಹೆಜ್ಜೆ ಮಾತ್ರ. ಉಳಿದಿದ್ದು ನನಗೇ ಬಿಟ್ಟಳು.

ಮಾತ್ರೆ ಪೂರ್ತಿ ಬದಲಾಗೋಕೆ ತಿಂಗಳುಗಟ್ಟಲೆ ಹಿಡೀತು. ಬಸ್ಸಿನಲ್ಲಿ ಒಂದೆರಡು ಸಲ ಕೈ ಅದುರಿದೆ, ಬಿದ್ದಿಲ್ಲ. ಈಗಲೂ ನೀಲಗಿರಿ ತೋಪು ಬಂದರೆ ಒಂದು ಕಣ್ಣು ಮುಚ್ಚಿಕೊಂಡೇ ಬರ್ತಾಳೆ. ಹೋದ ಸಲ ಬಂದಾಗ, ಇನ್ನು ಮಗುವಿನ ಯೋಚನೆ ಮಾಡಬಹುದು ಅಂತ ಡಾಕ್ಟರಮ್ಮ ಹೇಳಿದರು. ಮಿಕ್ಕಿದ್ದು ಅವರ ಮನೆ ವಿಷಯ.

ಇಂಗ್ಲಿಷ್ ಹಾಳೆಯ ಕೆಳಗೆ ಈಗ ಇನ್ನೊಂದು ಹಾಳೆ ಇದೆ. ಟೆಕ್ನಿಷಿಯನ್ ಹುಡುಗಿ ಅದನ್ನೇ ಓದಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆದಿದ್ದು. ಅಕ್ಷರ ಸೊಟ್ಟ, ಆದರೆ ಓದಬಹುದು. ಹೊಸದಾಗಿ ಕೆಲಸಕ್ಕೆ ಬಂದವರಿಗೆ ಡಾಕ್ಟರಮ್ಮ ಪೆಟ್ಟಿಗೆ ಮುಟ್ಟೋಕೆ ಬಿಡೋ ಮುಂಚೆ ದಪ್ಪ ಪುಸ್ತಕ ತೆಗೆದು, ಅಡ್ಡಗೆರೆ ಎಳೆದ ಆ ಪುಟ ತೋರಿಸ್ತಾರೆ. ಆ ಪುಸ್ತಕದಲ್ಲಿ ನನ್ನ ಸೈನ್ ಇರೋದು ಅದೊಂದೇ ಕಡೆ. ಯಾರ ಸೈನ್ ಇದು ಅಂತ ಅವರು ಕೇಳ್ತಾರೆ. ನಂದೇ ಅಂತೀನಿ, ಮೇಜಿನ ಮೇಲೆ ಸ್ಪಂಜು ಎರಡೂ ಇಡ್ತೀನಿ, ಸಿರಿಂಜು ಅವರ ಕೈಗೆ ಕೊಡ್ತೀನಿ.